ಬಾಗಿಲು ಹಾಕಿದ ಲಾರಿಯೊಳಗೆ ಹಗ್ಗ ಕಟ್ಟುವುದೆಲ್ಲಿ?

ಕಲಬುರಗಿಯ ನೆಹರು ಗಂಜಿನಿಂದ ಹೊರಡುವ ತೆರೆದ ಲಾರಿಯನ್ನು ಹತ್ತು ಮಾರು ದೂರದಿಂದ ನೋಡಿದರೂ ಸಾಕು, ಅದನ್ನು ಕಟ್ಟಿದವರು ಕೆಲಸ ಬಲ್ಲವರೋ ಅಲ್ಲವೋ ಎಂದು ಗೊತ್ತಾಗುತ್ತದೆ. ತಾಡಪತ್ರಿಯ ಅಂಚು ಗಾಳಿಗೆ ಹೊಡೆದುಕೊಳ್ಳುತ್ತಿದೆಯೇ, ಹಗ್ಗ ಒಂದೇ ಬಿಗಿಯಲ್ಲಿ ಸಾಲುಸಾಲಾಗಿ ಇಳಿದಿದೆಯೇ, ಚೀಲಗಳು ಒಂದು ಮಗ್ಗುಲಿಗೆ ವಾಲಿವೆಯೇ ಎಲ್ಲವೂ ಬಯಲಿನಲ್ಲೇ ಇರುತ್ತವೆ. ಹಿಂದೆ ಬರುವ ಬೈಕಿನವನೂ ನೋಡಿ ದೂರ ಸರಿಯುತ್ತಾನೆ. ಪಕ್ಕದಲ್ಲೇ ನಿಂತ ಮುಚ್ಚಿದ ಡಬ್ಬಿಯ ಲಾರಿಯಿಂದ ಏನೂ ಗೊತ್ತಾಗುವುದಿಲ್ಲ. ಹೊರಗೆ ಹೊಸ ಬಣ್ಣ, ಹಿಂದೆ ಎರಡು ಬಾಗಿಲು, ಬಾಗಿಲಿಗೆ ಸೀಲು. ಒಳಗೆ ಸಾಮಾನು ಕಟ್ಟಿದೆಯೋ ಬಿಟ್ಟಿದೆಯೋ ಎಂಬುದು ಹೇರಿದವರಿಗೆ ಮಾತ್ರ ಗೊತ್ತು. ಎಷ್ಟೋ ಸಲ ಲಾರಿ ಓಡಿಸುವವನಿಗೂ ಗೊತ್ತಿರುವುದಿಲ್ಲ.

ಮುಚ್ಚಿದ ಬಾಡಿಯ ಗಾಡಿಗಳು ನಮ್ಮ ಕಡೆ ಹೆಚ್ಚಿದ್ದಕ್ಕೆ ಕಾರಣಗಳು ಸರಳ. ಮಳೆ ಬಿದ್ದರೆ ಬೇಳೆ ಕೆಡುತ್ತದೆ, ರಾತ್ರಿ ಢಾಬಾದ ಮುಂದೆ ನಿಲ್ಲಿಸಿದರೆ ಪಾರ್ಸಲ್ ಮಾಯವಾಗುತ್ತದೆ, ತಾಡಪತ್ರಿ ಕಟ್ಟಿ ಬಿಚ್ಚುವುದಕ್ಕೇ ಒಂದು ಗಂಟೆ ಹೋಗುತ್ತದೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ವಿಜಯ ಸಂಕೇಶ್ವರರು ಶುರು ಮಾಡಿದ ವಿ.ಆರ್.ಎಲ್. ಮುಂದೆ ದೊಡ್ಡ ಸಂಸ್ಥೆಯಾಗಿ ಬೆಳೆದಾಗ, ಚಿಲ್ಲರೆ ಪಾರ್ಸಲ್ ಎಂಬುದೇ ಉತ್ತರ ಕರ್ನಾಟಕದ ಊರುಗಳಲ್ಲಿ ದೊಡ್ಡ ವ್ಯಾಪಾರವಾಯಿತು. 2005ರಲ್ಲಿ ಟಾಟಾ ಏಸ್ ಬಂತು. ‘ಛೋಟಾ ಹಾಥಿ’ ಎಂದು ಜನ ಕರೆದ ಆ ಸಣ್ಣ ಗಾಡಿ ದೊಡ್ಡ ಲಾರಿ ನುಗ್ಗದ ಗಲ್ಲಿಗಳಿಗೂ ಸಾಮಾನು ಒಯ್ದಿತು. ಆಮೇಲೆ ಆನ್‌ಲೈನ್ ಅಂಗಡಿಗಳು. ಬ್ರಹ್ಮಪುರದಂಥ ಹಳೇ ಬಡಾವಣೆಯ ಗಲ್ಲಿಯಲ್ಲಿ ಇವತ್ತು ಫ್ರಿಜ್ಜು, ತಿಜೋರಿ, ಹಿಟ್ಟಿನ ಗಿರಣಿಯ ಮೋಟಾರು ಇಳಿಯುವುದು ಹೆಚ್ಚಾಗಿ ಇಂಥ ತಗಡಿನ ಡಬ್ಬಿಗಳಿಂದಲೇ.

ಡಬ್ಬಿ ಬಂದಾಗ ಹಗ್ಗ ಹೋಯಿತು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಷ್ಟೇ. ತೆರೆದ ಲಾರಿಯ ಪಕ್ಕದ ಹಲಗೆಯ ಕೆಳಗೆ ಉದ್ದಕ್ಕೂ ಕೊಂಡಿಗಳಿರುತ್ತವೆ. ಕಟ್ಟದೆ ಹೊರಟರೆ ಸಾಮಾನು ರಸ್ತೆಗೆ ಬೀಳುತ್ತದೆ, ಆದ್ದರಿಂದ ಕಟ್ಟುತ್ತಾರೆ. ಮುಚ್ಚಿದ ಡಬ್ಬಿಯಲ್ಲಿ ಬೀಳಲು ಜಾಗವಿಲ್ಲ, ಕಟ್ಟಲು ಕೊಂಡಿಯೂ ಇಲ್ಲ. "ಬಾಗಲಾ ಹಾಕೀವಲ್ರೀ, ಸಾಮಾನ ಎಲ್ಲಿ ಹೋಗ್ತದ?" ಎಂಬ ಮಾತನ್ನು ಹೇರುವವರ ಬಾಯಲ್ಲಿ ಎಲ್ಲಿ ಬೇಕಾದರೂ ಕೇಳಬಹುದು. ಸಾಮಾನು ಹೊರಗೆ ಹೋಗುವುದಿಲ್ಲ ನಿಜ. ಒಳಗೇ ಓಡುತ್ತದೆ, ಅದೂ ಡ್ರೈವರನ ಬೆನ್ನ ಕಡೆಗೆ.

ನಮ್ಮ ಕಡೆ ಕಟ್ಟುವ ವಿದ್ಯೆಗೆ ಬರಗಾಲವಿರಲಿಲ್ಲ. ಪುಂಡಿ ಪಲ್ಯ ತಿನ್ನುವ ನಾಡು ಇದು. ಅದೇ ಪುಂಡಿ ಗಿಡದ ಕಟ್ಟಿಗೆಯನ್ನು ನೀರಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಆ ಹಗ್ಗಕ್ಕೆ ಒಂದು ಗುಣ, ಮಳೆಗೆ ನೆನೆದರೆ ಕುಗ್ಗಿ ಇನ್ನಷ್ಟು ಬಿಗಿಯಾಗುತ್ತದೆ. ನೈಲಾನ್ ಅದಕ್ಕೆ ತದ್ವಿರುದ್ಧ, ನೆನೆದರೆ ಹಿಗ್ಗುತ್ತದೆ. ಚಕ್ಕಡಿಯ ಮೇಲೆ ಕಣಿಕಿ ಹೇರಿ ಮಿಣಿ ಬಿಗಿಯುತ್ತಿದ್ದ ಕೈಗಳೇ ಮುಂದೆ ಗಂಜಿನಲ್ಲಿ ಲಾರಿ ಕಟ್ಟಿದವು. ತೊಗರಿ ಚೀಲದ ಥಪ್ಪಿ ಹಚ್ಚುವ ಹಮಾಲರು ಒಂದು ಸಾಲನ್ನು ಉದ್ದಕ್ಕೆ ಇಟ್ಟರೆ ಅದರ ಮೇಲಿನದನ್ನು ಅಡ್ಡಕ್ಕೆ ಇಡುತ್ತಾರೆ, ಸಂದಿನ ಮೇಲೆ ಸಂದು ಬೀಳದ ಹಾಗೆ. ಮೇಲೆ ಹೋದಂತೆ ಅಂಚಿನ ಚೀಲಗಳನ್ನು ತುಸು ಒಳಗೆ ಎಳೆಯುತ್ತಾರೆ. ಆಮೇಲೆ ಹಗ್ಗ.

ಆ ಹಗ್ಗ ಕಟ್ಟುವ ಕ್ರಮ ನಿಂತು ನೋಡುವಂಥದು. ಒಬ್ಬ ಒಂದು ತುದಿಯನ್ನು ಈ ಮಗ್ಗುಲಿನ ಕೊಂಡಿಗೆ ಬಿಗಿದು ಉಳಿದದ್ದನ್ನು ಲೋಡಿನ ಮೇಲಿಂದ ಆಚೆ ಎಸೆಯುತ್ತಾನೆ. ಆಚೆಯವನು ಇಳಿಬಿದ್ದ ಹಗ್ಗದ ನಡುವೆ ಎದೆಮಟ್ಟದಲ್ಲಿ ಒಂದು ಕುಣಿಕೆ ತಿರುವುತ್ತಾನೆ. ತುದಿಯನ್ನು ಕೆಳಗಿನ ಕೊಂಡಿಗೆ ಸುತ್ತಿಸಿ ತಂದು ಅದೇ ಕುಣಿಕೆಯೊಳಗೆ ಹಾಯಿಸಿ, ಒಂದು ಕಾಲನ್ನು ಚಕ್ರಕ್ಕೆ ಒತ್ತಿ, ಮೈಯನ್ನೆಲ್ಲ ಹಿಂದಕ್ಕೆ ವಾಲಿಸುತ್ತಾನೆ. ಕುಣಿಕೆ ಇಲ್ಲಿ ರಾಟೆಯ ಕೆಲಸ ಮಾಡುತ್ತದೆ. ಲೆಕ್ಕದ ಪ್ರಕಾರ ಎಳೆತ ಮೂರು ಪಟ್ಟಾಗಬೇಕು. ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ಅಷ್ಟು ಸಿಗುವುದಿಲ್ಲ, ಆದರೂ ಬರಿಗೈಯಿಂದ ಎಳೆದದ್ದಕ್ಕಿಂತ ಎಷ್ಟೋ ಮೇಲು. ಪುಸ್ತಕ ಓದದೆ ಕಲಿತ ಯಂತ್ರಶಾಸ್ತ್ರ ಇದು. ಇದರ ಬಗ್ಗೆ ನನಗೆ ಗೌರವವಿದೆ. ಆದರೆ ಇದು ನಿಂತಿರುವುದು ಕೊಂಡಿಯ ಮೇಲೆ. ಕೊಂಡಿ ಇಲ್ಲದ ಡಬ್ಬಿಯೊಳಗೆ ಇಷ್ಟು ನುರಿತ ಹಮಾಲನೂ ಬರಿಗೈಯವನೇ.

ಎಷ್ಟು ಬಿಗಿ ಬೇಕು ಎಂಬ ಪ್ರಶ್ನೆಗೆ ಬೇರೆ ದೇಶಗಳಲ್ಲಿ ಲೆಕ್ಕ ಹಾಕಿಟ್ಟಿದ್ದಾರೆ. ಯುರೋಪಿನ ಇ.ಎನ್. 12195 ಮಾನಕವೂ ಅಮೆರಿಕದ ಕೇಂದ್ರ ಸಾರಿಗೆ ನಿಯಮವೂ ಹೆಚ್ಚುಕಡಿಮೆ ಒಂದೇ ಅಂಕಿ ಹೇಳುತ್ತವೆ: ಗಟ್ಟಿಯಾಗಿ ಬ್ರೇಕು ಒತ್ತಿದಾಗ ಸಾಮಾನು ತನ್ನ ತೂಕದ ಶೇಕಡ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದು ಲೆಕ್ಕಕ್ಕೆ ಹಿಡಿಯಬೇಕು, ತಿರುವಿನಲ್ಲಿ ಪಕ್ಕಕ್ಕೆ ಮತ್ತು ಏರಿನಲ್ಲಿ, ಹೊರಡುವಾಗ ಹಿಂದಕ್ಕೆ ಶೇಕಡ 50ರಷ್ಟು. ಈ ಬಲವನ್ನು ತಡೆಯುವವು ಮೂರು: ಮುಂದಿನ ಗೋಡೆ, ತಳದ ಘರ್ಷಣೆ, ಮೇಲಿನ ಬೆಲ್ಟು. ಜನ ಬೆಲ್ಟನ್ನು ಮೊದಲು ನೆನೆಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದು ಕೊನೆಗೆ ಬರಬೇಕು.

ಬೇಳೆ ಗಿರಣಿಗೆ ಹೋಗುವ 1 ಟನ್ನಿನ ಒಂದು ಯಂತ್ರವನ್ನು ತೆಗೆದುಕೊಳ್ಳೋಣ. ಡಬ್ಬಿಯ ತಳ ಚೆಕರ್ಡ್ ಪ್ಲೇಟು, ಯಂತ್ರದ ಕಾಲೂ ಉಕ್ಕು. ಉಕ್ಕಿನ ಮೇಲೆ ಉಕ್ಕಿಗೆ ಘರ್ಷಣೆ ತೂಕದ ಸುಮಾರು ಐದನೇ ಒಂದು ಪಾಲು, ಎಂದರೆ 200 ಕಿಲೋ. ಬೇಕಾದದ್ದು 800. ಉಳಿದ 600 ಕಿಲೋ ತಡೆಯನ್ನು ಬೆಲ್ಟು ಯಂತ್ರವನ್ನು ಕೆಳಕ್ಕೆ ಒತ್ತಿ ಹುಟ್ಟಿಸಬೇಕು. ಅದೇ ಐದನೇ ಒಂದರ ಲೆಕ್ಕದಲ್ಲಿ 3,000 ಕಿಲೋ ಒತ್ತಡ. ಸಾಮಾನ್ಯ ರ‍್ಯಾಚೆಟ್ ಬೆಲ್ಟನ್ನು ಕೈಯಿಂದ ಬಿಗಿದರೆ ಒಂದು ಎಳೆಯಲ್ಲಿ 250ರಿಂದ 300 ಕಿಲೋ ಬಿಗಿ ನಿಲ್ಲುತ್ತದೆ, ಎರಡು ಮಗ್ಗುಲು ಸೇರಿ ಹೆಚ್ಚೆಂದರೆ 500–600. ಅಲ್ಲಿಗೆ ಐದಾರು ಬೆಲ್ಟು ಬೇಕು. ಒಂದು ಯಂತ್ರಕ್ಕೆ ಆರು ಬೆಲ್ಟು ಹಾಕುವವರನ್ನು ನಾನಂತೂ ಕಂಡಿಲ್ಲ. ಈಗ ಅದೇ ಯಂತ್ರದ ಕೆಳಗೆ ಮರದ ಹಲಗೆ ಹಾಕಿ: ಘರ್ಷಣೆ ಶೇಕಡ 40 ಆಗುತ್ತದೆ, ಎರಡು ಬೆಲ್ಟು ಸಾಕು. ಹಲಗೆಯ ಬದಲು ಒರಟು ರಬ್ಬರ್ ಮ್ಯಾಟು ಹಾಕಿದರೆ ಶೇಕಡ 60. ಆಗ ಬೇಕಾದ ಹೆಚ್ಚಿನ ಒತ್ತಡ 333 ಕಿಲೋ, ಒಂದು ಬೆಲ್ಟಿನ ಕೆಲಸ. ಇದು ಒರಟು ಲೆಕ್ಕ. ಬೆಲ್ಟು ಮೂಲೆ ದಾಟುವಾಗ ಬಿಗಿ ಕಡಿಮೆಯಾಗುತ್ತದೆ, ಮಾನಕಗಳು ಇದರ ಮೇಲೆ ಸುರಕ್ಷೆಯ ಹೆಚ್ಚುವರಿಯನ್ನೂ ಸೇರಿಸುತ್ತವೆ, ಆದ್ದರಿಂದ ಬಂದ ಉತ್ತರಕ್ಕೆ ಒಂದು ಬೆಲ್ಟು ಕೂಡಿಸಿಕೊಳ್ಳುವುದು ಲೇಸು. ಆದರೂ ಹೋಲಿಕೆ ಬದಲಾಗುವುದಿಲ್ಲ. ತಳದಲ್ಲಿ ಹಾಸಿದ ರಬ್ಬರು ನಾಲ್ಕೈದು ಬೆಲ್ಟುಗಳ ಕೆಲಸ ಮಾಡುತ್ತದೆ. ತಳವನ್ನು ಗುಡಿಸುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹಿಂದಿನ ಟ್ರಿಪ್ಪಿನ ಬೇಳೆ ಕಾಳು, ಸಿಮೆಂಟ್ ಪುಡಿ ಬಿದ್ದ ತಗಡಿನ ಮೇಲೆ ಯಾವ ಘರ್ಷಣೆಯನ್ನೂ ನಂಬುವಂತಿಲ್ಲ.

ಬೆಲ್ಟಿನ ಓರೆಯೂ ಮುಖ್ಯ. ನೆಟ್ಟಗೆ ಕೆಳಗಿಳಿದ ಬೆಲ್ಟು ತನ್ನ ಪೂರ್ತಿ ಬಿಗಿಯನ್ನು ಒತ್ತಡವಾಗಿ ಕೊಡುತ್ತದೆ. ನೆಲದ ಜೊತೆ 30 ಡಿಗ್ರಿಯಲ್ಲಿ ಮಲಗಿದರೆ ಅರ್ಧಕ್ಕಿಳಿಯುತ್ತದೆ. ಅಗಲವಾದ ಡಬ್ಬಿಯ ನಡುವೆ ಗಿಡ್ಡ ಪೆಟ್ಟಿಗೆ ಇಟ್ಟು ಎರಡೂ ಗೋಡೆಯ ಬುಡಕ್ಕೆ ಬೆಲ್ಟು ಎಳೆದರೆ ನೋಡಲು ಚೆಂದ, ಒತ್ತಡ ಮಾತ್ರ ಇಲ್ಲವೇ ಇಲ್ಲ ಎನ್ನಬೇಕು. ಅಂಥದ್ದನ್ನು ಮೇಲಿಂದ ಒತ್ತಿ ಪ್ರಯೋಜನವಿಲ್ಲ. ನಾಲ್ಕು ಮೂಲೆಯಿಂದ ನಾಲ್ಕು ದಿಕ್ಕಿಗೆ ನೇರವಾಗಿ ಎಳೆದು ಕಟ್ಟಬೇಕು.

ಹಾಗಾದರೆ ಡಬ್ಬಿಯೊಳಗೆ ಏನನ್ನು ಕೂರಿಸಬೇಕು? ಇದರಲ್ಲಿ ಮೂರು ಪಂಥಗಳಿವೆ. ಬೆಲ್ಟು ಸಿಕ್ಕಿಸಲು ನೆಲಕ್ಕೆ ಉಕ್ಕಿನ ಬಳೆ ಕೂರಿಸುವವರು ಒಂದು ಕಡೆ. ಗೋಡೆಗೆ ಉದ್ದುದ್ದ ತೂತಿನ ಪಟ್ಟಿ, ಎಂದರೆ ಇ–ಟ್ರ್ಯಾಕು ಹೊಡೆದು, ಬೇಕಾದ ತೂತಿಗೆ ಬೆಲ್ಟಿನ ಕೊಕ್ಕೆ ಸಿಕ್ಕಿಸುವವರು ಇನ್ನೊಂದು ಕಡೆ. ಮೂರನೆಯವರು ಕಟ್ಟುವುದೇ ಬೇಡ, ಸಂದಿ ಇಲ್ಲದಂತೆ ತುಂಬಿ ಖಾಲಿ ಜಾಗಕ್ಕೆ ಮರದ ತುಂಡು, ಗೋಣಿ, ಗಾಳಿ ಚೀಲ ತುರುಕಿದರೆ ಸಾಕು ಎನ್ನುವವರು. ಅಮೆರಿಕದಲ್ಲಿ ಸ್ವಂತ ಮುಚ್ಚಿದ ಟ್ರೇಲರಿನಲ್ಲಿ ಬೈಕು, ಹುಲ್ಲು ಕತ್ತರಿಸುವ ಯಂತ್ರ ಒಯ್ಯುವವರಿಗೆ ಎರಡನೆಯದು ಮೆಚ್ಚು. ಹಡಗಿನ ಕಂಟೇನರ್ ತುಂಬುವವರು ಮೂರನೆಯದಕ್ಕೆ ಒಲಿದವರು. 2014ರಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ, ಕಾರ್ಮಿಕ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ಸೇರಿ ಹೊರಡಿಸಿದ ಸಂಹಿತೆಯಲ್ಲಿ ಬಿಗಿಯಾಗಿ ತುಂಬಿ ತಡೆಕೊಡುವುದರ ಬಗ್ಗೆ ಬಹಳ ಹೇಳಿದೆ. ಹಾಗೆಂದು ಹಡಗಿನ ಡಬ್ಬಿಯಲ್ಲಿ ಬಳೆ ಇಲ್ಲವೆಂದಲ್ಲ. ಐ.ಎಸ್.ಓ. ಮಾನಕದ ಪ್ರಕಾರ ಅದರ ತಳದಲ್ಲಿ ಕೂರಿಸಿದ ಬಳೆಗಳು ತಲಾ 1 ಟನ್, ಮೇಲಿನವು ತಲಾ ಅರ್ಧ ಟನ್ ತಾಳಬೇಕು. ಲಾರಿಯ ಮೇಲೆ ಇಲ್ಲೇ ಕಟ್ಟಿಸಿದ ಡಬ್ಬಿಯಲ್ಲಿ ಬಹಳ ಸಲ ಕಾಣದೆ ಹೋಗುವುದು ಈ ಬಳೆಗಳೇ.

ನಮ್ಮ ರಸ್ತೆ, ನಮ್ಮ ಸಾಮಾನು ನೋಡಿದರೆ ನನ್ನ ಒಲವು ಮೊದಲ ಪಂಥದ ಕಡೆ. ಗೋಡೆಯ ಪಟ್ಟಿ ಪಾರ್ಸಲ್ ಗಾಡಿಗೆ ಒಳ್ಳೆಯದು: ಅರ್ಧ ಸಾಮಾನು ಇಳಿದ ಮೇಲೆ ಉಳಿದರ್ಧವನ್ನು ಅಡ್ಡ ಬೆಲ್ಟು ಹಾಕಿ ತಡೆಯಬಹುದು, ತಿಜೋರಿಯನ್ನು ಗೋಡೆಗೆ ಒರಗಿಸಿ ಕಟ್ಟಬಹುದು. ಆದರೆ ನಮ್ಮ ಡಬ್ಬಿಗಳ ಗೋಡೆ ಒಂದೆರಡು ಮಿಲಿಮೀಟರ್ ದಪ್ಪದ ಮಡಿಕೆ ತಗಡು. ನಡುನಡುವೆ ನಿಂತ ಪೈಪಿನ ಕಂಬಗಳೇ ಅದರ ಬಲ. ಪಟ್ಟಿಯನ್ನು ಕಂಬಕ್ಕೆ ಹೊಡೆಯದೆ ತಗಡಿಗೋ ಪ್ಲೈವುಡ್ಡಿಗೋ ಸ್ಕ್ರೂ ಹಾಕಿ ಕೂರಿಸಿದರೆ ಮೊದಲ ಗಟ್ಟಿ ಬ್ರೇಕಿಗೇ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ರಿವೆಟಿನ ಕತೆಯೂ ಹೆಚ್ಚುಕಡಿಮೆ ಅದೇ. ಅಡ್ಡ ಜಗ್ಗಿದರೆ ರಿವೆಟು ತಾಳುತ್ತದೆ, ನೇರ ಹೊರಕ್ಕೆ ಎಳೆದರೆ ತಾಳುವುದಿಲ್ಲ.

ನೆಲದ ಬಳೆಯ ವಿಷಯದಲ್ಲಿ ಯುರೋಪಿನ ಇ.ಎನ್. 12640 ಮಾನಕದಿಂದ ಎರವಲು ಪಡೆಯಬಹುದು. ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳಿಗೆ ಅದು. 7.5 ಟನ್ನಿನವರೆಗೆ ಒಂದೊಂದು ಬಳೆ ಸುಮಾರು 800 ಕಿಲೋ ಎಳೆತ ತಾಳಬೇಕು, 12 ಟನ್ನಿನವರೆಗೆ 1,000, ಅದಕ್ಕೂ ದೊಡ್ಡದಕ್ಕೆ 2,000. ಬಳೆಯಿಂದ ಬಳೆಗೆ ದೂರ ಸಾಮಾನ್ಯವಾಗಿ 1.2 ಮೀಟರಿಗೆ ಮೀರಬಾರದು. ಪಕ್ಕದ ಗೋಡೆಯಿಂದ ಕಾಲು ಮೀಟರಿನೊಳಗೆ, ಮುಂದಿನ ಗೋಡೆಯಿಂದ ಅರ್ಧ ಮೀಟರಿನೊಳಗೆ ಇರಬೇಕು. ಛೋಟಾ ಹಾಥಿಯಂಥ ಸಣ್ಣ ಗಾಡಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದರಲ್ಲಿ ಆರು ಬಳೆ ಸಾಕು, ಮುಂದೆ ಎರಡು, ನಡುವೆ ಎರಡು, ಬಾಗಿಲ ಹತ್ತಿರ ಎರಡು.

ಬಳೆಯನ್ನು ಎಲ್ಲಿ ಬೆಸುಗೆ ಹಾಕುತ್ತಾರೆ ಎಂಬುದರಲ್ಲಿ ಕೆಲಸಗಾರನ ಬುದ್ಧಿ ಗೊತ್ತಾಗುತ್ತದೆ. ನೆಲದ ತಗಡಿಗೆ ಹಾಕಿದ ಬೆಸುಗೆ ತಗಡನ್ನೇ ಹರಿದುಕೊಂಡು ಬರುತ್ತದೆ. ಬಳೆಯ ತಳಪಟ್ಟಿ ಕೆಳಗಿನ ಅಡ್ಡ ಚಾನೆಲಿಗೆ ಕೂರಬೇಕು. ಚಾನೆಲು ಸಿಗದ ಕಡೆ ಬೋಲ್ಟು ಹಾಕಿ, ಅಡಿಯಿಂದ ಅಂಗೈ ಅಗಲದ 5–6 ಮಿಲಿಮೀಟರ್ ದಪ್ಪದ ಪ್ಲೇಟು ಕೊಟ್ಟು ನಟ್ಟು ಬಿಗಿಯಬೇಕು. ಪ್ಲೇಟು ಇಲ್ಲದೆ ಬರೀ ವಾಷರ್ ಹಾಕಿದರೆ ಬೋಲ್ಟು ಪ್ಲೈವುಡ್ಡಿನೊಳಗಿಂದ ಮೇಲೆದ್ದು ಬರುತ್ತದೆ. ಆದರೆ ಅದೇ ಉತ್ಸಾಹದಲ್ಲಿ ಚಾಸಿಯ ಉದ್ದ ತೊಲೆಯ ಅಂಚಿಗೆ ಬೆಸುಗೆ ಹಾಕುವುದು, ತೂತು ಕೊರೆಯುವುದು ಬೇಡ. ಲಾರಿ ತಯಾರಿಸುವ ಕಂಪನಿಗಳು ಅದನ್ನು ಒಪ್ಪುವುದಿಲ್ಲ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಗಾಡಿಗಳ ಎಂಜಿನ್ ನಡೆಯುವುದು ಕಂಪ್ಯೂಟರಿನಿಂದ. ಬೆಸುಗೆಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚದಿದ್ದರೆ ಬಳೆಯ ಖರ್ಚಿನ ಎಷ್ಟೋ ಪಟ್ಟು ಅದರ ರಿಪೇರಿಗೆ ಹೋಗಬಹುದು. ಕೊರೆದ ತೂತಿಗೆ ಸೀಲೆಂಟು ತುಂಬಿ ಮೇಲೆ ಬಣ್ಣ ಹೊಡೆಯಬೇಕು, ಇಲ್ಲವೆಂದರೆ ಎರಡು ಮಳೆಗಾಲದಲ್ಲಿ ಬಳೆ ಗಟ್ಟಿ, ನೆಲ ಜೊಳ್ಳು.

ಬೆಲ್ಟು ಕೊಳ್ಳುವಾಗ ಎಚ್ಚರ ಬೇಕಾದದ್ದು ಅಂಕಿಯ ಬಗ್ಗೆ. ಎರಡಿಂಚಿನ ಬೆಲ್ಟಿನ ಮೇಲೆ ‘5 ಟನ್’ ಎಂದಿರುತ್ತದೆ. ಬಹಳ ಸಲ ಅದು ಹರಿಯುವ ಮಿತಿ, ಅಥವಾ ಸುತ್ತು ಹಾಕಿ ಎರಡೂ ಎಳೆ ಕೂಡಿಸಿದ ಲೆಕ್ಕ. ಅಮೆರಿಕದ ರೂಢಿಯಲ್ಲಿ ಹರಿಯುವ ಮಿತಿಯ ಮೂರನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ನೆಚ್ಚುತ್ತಾರೆ. ಕಟ್ಟಿದ ಎಲ್ಲ ಬೆಲ್ಟುಗಳ ಇಂಥ ಮಿತಿ ಕೂಡಿಸಿದರೆ ಸಾಮಾನಿನ ತೂಕದ ಅರ್ಧವಾದರೂ ಆಗಬೇಕೆಂಬುದು ಅಲ್ಲಿನ ನಿಯಮ. ಯುರೋಪಿನ ಬೆಲ್ಟುಗಳಲ್ಲಿ ನೀಲಿ ಚೀಟಿ ಇದ್ದರೆ ಪಾಲಿಯೆಸ್ಟರ್, ಹಸಿರಿದ್ದರೆ ನೈಲಾನ್ ಜಾತಿ, ಕಂದು ಇದ್ದರೆ ಪಾಲಿಪ್ರೊಪಿಲಿನ್. ಚೀಟಿಯೇ ಇಲ್ಲದ ಬೆಲ್ಟನ್ನು ಮನೆ ಸಾಮಾನಿಗೆ ಬಳಸಬಹುದು, ಯಂತ್ರಕ್ಕೆ ಬೇಡ. ನಮ್ಮ ಅಂಗಡಿಗಳಲ್ಲಿ ನೈಲಾನ್ ಹಗ್ಗ ಎಂದು ಕೇಳಿದರೆ ಕೈಗೆ ಬರುವುದು ಹಲವು ಸಲ ಪಾಲಿಪ್ರೊಪಿಲಿನ್. 40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿನಲ್ಲಿ ತೆರೆದ ಲಾರಿಯ ಮೇಲೆ ಅದು ಬೇಗ ಪುಡಿಪುಡಿಯಾಗುತ್ತದೆ. ಡಬ್ಬಿಯೊಳಗೆ ಬಿಸಿಲಿನ ಕಾಟವಿಲ್ಲ, ಹರಿತ ಅಂಚಿನ ಕಾಟ ಇದೆ. ಬೆಲ್ಟು ಯಂತ್ರದ ಮೂಲೆ ದಾಟುವ ಕಡೆ ಗೋಣಿಯ ನಾಲ್ಕು ಮಡಿಕೆಯನ್ನಾದರೂ ಇಡಬೇಕು. ಗಂಟು ಹಾಕಿದ ಬೆಲ್ಟು, ಗಂಟು ಹಾಕಿದ ಹಗ್ಗ ಎರಡೂ ತಮ್ಮ ಬಲದ ಅರ್ಧದಷ್ಟನ್ನು ಕಳೆದುಕೊಂಡಿರುತ್ತವೆ.

ಎಲ್ಲ ಸಾಮಾನಿಗೂ ಒಂದೇ ಕಟ್ಟು ಒಗ್ಗುವುದಿಲ್ಲ. ಶಹಾಬಾದಿನ ಫರಸಿಯನ್ನು ಮುಚ್ಚಿದ ಡಬ್ಬಿಗೆ ಹಾಕುವುದೇ ತಪ್ಪು ಎಂದು ನನ್ನ ಅಭಿಪ್ರಾಯ. ಎರಡಡಿ ಚೌಕದ, ಒಂದಿಂಚು ದಪ್ಪದ ಒಂದು ಕಲ್ಲು ಸುಮಾರು 24–25 ಕಿಲೋ. ನಿಲ್ಲಿಸಿ ಒರಗಿಸಿದ ನೂರು ಕಲ್ಲು ಒಟ್ಟಿಗೆ ಪಕ್ಕಕ್ಕೆ ವಾಲಿದರೆ ಎರಡೂವರೆ ಟನ್ ತಗಡಿನ ಗೋಡೆಯ ಮೇಲೆ ಬೀಳುತ್ತದೆ, ಬಾಗಿಲು ತೆಗೆದವನ ಮೇಲೂ ಬೀಳುತ್ತದೆ. ತೆರೆದ ಲಾರಿ, ನಡುವೆ ಎರಡೂ ಕಡೆ ಇಳಿಜಾರಿನ ಉಕ್ಕಿನ ಚೌಕಟ್ಟು, ಎರಡೂ ಮಗ್ಗುಲಿಗೆ ಸಮತೂಕ, ಮೇಲೆ ಸರಪಳಿ ಅಥವಾ ಅಗಲ ಬೆಲ್ಟು ಅದಕ್ಕೆ ಸರಿ. ಮುಚ್ಚಿದ್ದರಲ್ಲೇ ಒಯ್ಯಬೇಕಾಗಿ ಬಂದರೆ ಮಲಗಿಸಿ, ಮರದ ಚೌಕಟ್ಟಿನಲ್ಲಿ ಕೂರಿಸಿ, ಚೌಕಟ್ಟನ್ನು ನೆಲದ ಬಳೆಗೆ ಬಿಗಿಯಬೇಕು.

ಕಮಲಾಪುರದ ಕೆಂಪು ಬಾಳೆಯದು ಇನ್ನೊಂದು ತುದಿ. ಭೌಗೋಳಿಕ ಗುರುತು ಪಡೆದ ಈ ಹಣ್ಣಿಗೆ ಬೆಲ್ಟು ತಾಗಿದರೆ ಕಪ್ಪು ಗೆರೆ ಮೂಡುತ್ತದೆ, ಗೆರೆ ಮೂಡಿದ್ದನ್ನು ವ್ಯಾಪಾರಿ ಮುಟ್ಟುವುದಿಲ್ಲ. ಇಲ್ಲಿ ಮೂರನೇ ಪಂಥದವರ ಮಾತೇ ಸರಿ: ಗೊನೆಯ ಸಂದಿಗೆ ಎಲೆ ತುಂಬಿ, ಕ್ರೇಟಾದರೆ ಸಂದಿ ಇಲ್ಲದಂತೆ ಪೇರಿಸಿ, ಕೊನೆಯ ಸಾಲಿನ ಹಿಂದೆ ಒಂದು ಅಡ್ಡ ದಂಡ ಕೊಟ್ಟರೆ ಮುಗಿಯಿತು. ಬೆಲ್ಟು ದಂಡಕ್ಕೆ, ಹಣ್ಣಿಗಲ್ಲ. ಬಾಳೆಗೆ ತಗಡಿನ ಡಬ್ಬಿಯ ದೊಡ್ಡ ಶತ್ರು ಅಲುಗಾಟಕ್ಕಿಂತ ಸೆಕೆ. ಗಾಳಿಯಾಡದೆ ಒಳಗೇ ಹಣ್ಣಾಗಿ ಬಿಡುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ನಮ್ಮ ತೊಗರಿ ಬೇಳೆಯ ಚೀಲಗಳಿಗೂ ಬೆಲ್ಟಿಗಿಂತ ಥಪ್ಪಿ ಮುಖ್ಯ. ಡಬ್ಬಿ ಅರ್ಧ ಮಾತ್ರ ತುಂಬಿದಾಗ ಚೀಲಗಳನ್ನೆಲ್ಲ ಮುಂದಿನ ಗೋಡೆಗೆ ಒತ್ತಿ ಎತ್ತರಕ್ಕೆ ಪೇರಿಸುವ ಬದಲು ಉದ್ದಕ್ಕೆ ತಗ್ಗಾಗಿ ಹರಡಿ, ಹಿಂದಿನ ಸಾಲನ್ನು ಮೆಟ್ಟಿಲಾಗಿ ಇಳಿಸಿ, ಮೇಲೆ ಒಂದು ಅಡ್ಡ ಬೆಲ್ಟು ಹಾಕಬೇಕು. ಮುಂದೆಯೇ ಗುಡ್ಡೆ ಹಾಕಿದರೆ ಮುಂದಿನ ಅಚ್ಚಿನ ಮೇಲೆ ಭಾರ ಮೀರುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು ನಿಜ, ಆದರೆ ಆ ಏರಿಕೆ ಭಾರ ಹಂಚದವರನ್ನು ಉಳಿಸುವುದಿಲ್ಲ. ಬೈಕುಗಳನ್ನು ಒಯ್ಯುವವರಿಗೆ ಒಂದೇ ಮಾತು: ಮುಂದಿನ ಚಕ್ರಕ್ಕೆ ತಡೆ, ಹ್ಯಾಂಡಲಿನ ಎರಡೂ ಬುಡದಿಂದ ಮುಂದಕ್ಕೆ ಎರಡು ಬೆಲ್ಟು, ಹಿಂದೆ ಎರಡು. ಸೈಡ್ ಸ್ಟ್ಯಾಂಡು ಎತ್ತಿರಬೇಕು.

ಈ ನಾಡಿನ ರಸ್ತೆಗೇ ಸೇರಿದ ಒಂದು ತೊಡಕಿದೆ, ವಿದೇಶಿ ಕೈಪಿಡಿಗಳಲ್ಲಿ ಅದರ ಪ್ರಸ್ತಾಪ ಕಡಿಮೆ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಅಲೆ ಅಲೆಯಾಗಿ ಕೂರುತ್ತದೆ. ಲಾರಿ ಅಲೆಯ ಮೇಲೆ ಕುಪ್ಪಳಿಸಿದಂತೆ ಒಳಗಿನ ಸಾಮಾನೂ ಕ್ಷಣಕಾಲ ನೆಲ ಬಿಡುತ್ತದೆ. ಆ ಕ್ಷಣದಲ್ಲಿ ಘರ್ಷಣೆ ಸೊನ್ನೆ. ರಬ್ಬರ್ ಮ್ಯಾಟು ಇದ್ದರೂ ಒಂದೆರಡು ಬೆಲ್ಟು ಬೇಕೇ ಬೇಕು ಎನ್ನುವುದು ಇದಕ್ಕೇ. ಹೊಸದಾಗಿ ಕಟ್ಟಿದ ಬೆಲ್ಟು ಈ ಕುಲುಕಾಟಕ್ಕೆ ಸಡಿಲವಾಗುವುದೂ ಸಹಜ. ಅಮೆರಿಕದಲ್ಲಿ ಹೊರಟ ಮೊದಲ 80 ಕಿಲೋಮೀಟರಿನೊಳಗೆ ಡ್ರೈವರ್ ಒಮ್ಮೆ ನಿಲ್ಲಿಸಿ ಕಟ್ಟು ನೋಡಬೇಕು. ಬ್ರಹ್ಮಪುರದಲ್ಲಿ ಹೇರಿ ಹುಮನಾಬಾದ್ ದಾರಿ ಹಿಡಿದವನಿಗೆ, ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಸುಮಾರು 35 ಕಿಲೋಮೀಟರಿಗೆ ಕಮಲಾಪುರ ಸಿಗುತ್ತದೆ. ಚಹಾಕ್ಕೆ ಹೇಗೂ ಅಲ್ಲಿ ಇಳಿಯುವವರಿದ್ದಾರೆ. ಹುಮನಾಬಾದ್ ದಾಟಿ ಹೈದರಾಬಾದ್ ಕಡೆಯ ಹೆದ್ದಾರಿ 65 ಸೇರಿ ವೇಗ ಹೆಚ್ಚುವ ಮುನ್ನ ಬಾಗಿಲು ತೆಗೆದು ರ‍್ಯಾಚೆಟನ್ನು ಎರಡು ಹಲ್ಲು ಎಳೆಯಲು ಅದಕ್ಕಿಂತ ಸರಿಯಾದ ಜಾಗ ಇಲ್ಲ.

ಕಾನೂನು ಈ ವಿಷಯದಲ್ಲಿ ಹೊರಗಿನದನ್ನು ನೋಡುವಷ್ಟು ಒಳಗಿನದನ್ನು ನೋಡುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ 194ನೇ ಕಲಮಿನಡಿ ಹೆಚ್ಚು ಭಾರ ಹೇರಿದರೆ 20,000 ರೂಪಾಯಿ, ಮೇಲೆ ಟನ್ನಿಗೆ 2,000. ಸಾಮಾನು ಬಾಡಿಯಿಂದ ಹೊರಗೆ ಚಾಚಿದರೂ 20,000 ರೂಪಾಯಿ ಮತ್ತು ಇಳಿಸುವ ಖರ್ಚು. ಹಿಂದಕ್ಕೆ ಚಾಚಿಕೊಂಡು ಹೋಗುತ್ತಿದ್ದ ಕಬ್ಬಿಣದ ಸರಳುಗಳಿಗೆ ಇದ್ದ ರಿಯಾಯಿತಿಯೂ 2014ರಲ್ಲಿ ಹೋಯಿತು. ಎರಡೂ ಒಳ್ಳೆಯವೇ. ತೂಕದ ಕಾಟಾಕ್ಕೆ ಹತ್ತಿಸಿ, ಟೇಪು ಹಿಡಿದು ಅಳೆದು ಬರೆಯಬಹುದಾದ ತಪ್ಪುಗಳು ಇವು. ಜನರಿಗೆ ಅಪಾಯವಾಗುವಂತೆ ಹೇರಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಆದರೆ ಬಾಗಿಲು ತೆಗೆಸಿ ‘ಎಷ್ಟು ಬೆಲ್ಟು ಹಾಕಿದ್ದೀರಿ’ ಎಂದು ಕೇಳಿದ ಚೆಕ್‌ಪೋಸ್ಟನ್ನು ನಾನು ಕಂಡಿಲ್ಲ. ಲಾರಿ ಬಾಡಿಗೆ ಎ.ಐ.ಎಸ್. 093, ಟ್ರೇಲರಿಗೆ ಎ.ಐ.ಎಸ್. 113 ಎಂಬ ಸಂಹಿತೆಗಳಿವೆ. ಅವು ಬಂದ ಮೇಲೆ ಬಾಡಿ ಕಟ್ಟುವ ಕೆಲಸ ಶೆಡ್ಡಿನ ಅಂದಾಜಿನಿಂದ ನಕ್ಷೆಯ ಕಡೆಗೆ ಸರಿಯುತ್ತಿದೆ. ಸರಿಯುವ ಈ ಹೊತ್ತಿನಲ್ಲೇ ಬಳೆಯನ್ನೂ ನಕ್ಷೆಗೆ ಸೇರಿಸಿಕೊಳ್ಳಬೇಕು. ಚಾನೆಲು ಹೊಂದಿಸುವಾಗಲೇ ಕೂರಿಸಿದರೆ ಬಳೆಯ ಖರ್ಚು ಬಾಡಿಯ ಬಿಲ್ಲಿನಲ್ಲಿ ಕಾಣಿಸುವುದೂ ಇಲ್ಲ. ಆಮೇಲೆ ನೆಲ ಕಿತ್ತು ಕೂರಿಸಲು ಗಾಡಿ ಎರಡು ದಿನ ಶೆಡ್ಡಿನಲ್ಲಿ ನಿಲ್ಲಬೇಕು, ಕಂತು ಕಟ್ಟುವ ಮಾಲೀಕನಿಗೆ ಎರಡು ದಿನದ ಬಾಡಿಗೆ ಬಿಡುವ ಮನಸ್ಸು ಬರುವುದಿಲ್ಲ.

ಹೊಣೆ ಯಾರದು ಎಂಬುದೇ ದೊಡ್ಡ ಗೋಜಲು. ಬಾಡಿ ಕಟ್ಟುವವನು ‘ಅವರು ಕೇಳಲಿಲ್ಲ’ ಎನ್ನುತ್ತಾನೆ. ಮಾಲೀಕ ‘ಹೇರುವವರು ನೋಡಿಕೊಳ್ಳಲಿ’ ಎನ್ನುತ್ತಾನೆ. ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ, ಕಟ್ಟಿದ್ದಕ್ಕೆ ಬೇರೆ ದುಡ್ಡಿಲ್ಲ. ಡ್ರೈವರ್ ಬರುವಷ್ಟರಲ್ಲಿ ಕಳಿಸುವವರ ಸೀಲು ಬಿದ್ದಿರುತ್ತದೆ; ಕಮಲಾಪುರದಲ್ಲಿ ನಿಲ್ಲಿಸಿ ನೋಡಬೇಕೆಂದರೂ ಸೀಲು ಒಡೆದರೆ ಕಳವಿನ ಆರೋಪ ಅವನ ತಲೆಗೇ. ಅಮೆರಿಕದ ನಿಯಮವೂ ಇಲ್ಲಿ ಸೋತು, ಸೀಲು ಹಾಕಿ ತೆಗೆಯಬೇಡವೆಂದು ಹೇಳಿದ ಗಾಡಿಯ ಡ್ರೈವರನಿಗೆ ತಪಾಸಣೆಯಿಂದ ವಿನಾಯಿತಿ ಕೊಟ್ಟಿದೆ. ನ್ಯಾಯವಾಗಿ ನೋಡಿದರೆ ಸೀಲು ಹಾಕಿದವನೇ ಕಟ್ಟಿಗೂ ಸಹಿ ಹಾಕಬೇಕು.

ಸಾಮಾನು ಕಳಿಸುವವರು ಇದನ್ನು ತಮ್ಮ ಲಾಭಕ್ಕಾದರೂ ತಿಳಿದಿರಬೇಕು. 1865ರ ಹಳೇ ಕಾಯ್ದೆಯನ್ನು ತೆಗೆದು ಬಂದ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಒಡೆದದ್ದಕ್ಕೆ ದಾವೆ ಹೂಡಬೇಕಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಬೆಲೆ ತೋರಿಸಿ ಹೆಚ್ಚಿನ ದರ ಕಟ್ಟದಿದ್ದರೆ 2011ರ ನಿಯಮಗಳ ಪ್ರಕಾರ ಪರಿಹಾರ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. 800 ರೂಪಾಯಿ ಬಾಡಿಗೆಗೆ 40,000 ರೂಪಾಯಿಯ ಫ್ರಿಜ್ಜು ಕಳಿಸಿದವರಿಗೆ 8,000ದ ಮೇಲೆ ಬರುವುದಿಲ್ಲ ಎಂದರ್ಥ. ಬಿಲ್ಟಿಯ ಹಿಂದೆ ಇರುವೆ ಅಕ್ಷರದಲ್ಲಿ ಏನು ಅಚ್ಚಾಗಿದೆ ಎಂದು ಓದುವವರು ಕಡಿಮೆ. ಕನಿಷ್ಠ ಎರಡು ಕೆಲಸ ಮಾಡಬಹುದು: ಬೆಲೆಯನ್ನು ಬಿಲ್ಟಿಯಲ್ಲಿ ಬರೆಸುವುದು, ಬಾಗಿಲು ಹಾಕುವ ಮುನ್ನ ಕಟ್ಟಿದ ಸಾಮಾನಿನ ಫೋಟೊವನ್ನು ಡ್ರೈವರನ ಎದುರಿಗೇ ತೆಗೆದು ಅವನ ವಾಟ್ಸಾಪಿಗೂ ಕಳಿಸುವುದು. ಫೋಟೊ ತೆಗೆಯುತ್ತಾರೆಂದು ಗೊತ್ತಾದರೆ ಹೇರುವವರು ತಾವಾಗಿಯೇ ಎರಡು ಬೆಲ್ಟು ಹೆಚ್ಚು ಹುಡುಕುತ್ತಾರೆ. ಸಿಕ್ಕಿಸಲು ಬಳೆ ಇಲ್ಲ ಎಂಬ ದೂರು ಮಾಲೀಕನವರೆಗೆ ಮುಟ್ಟುವುದೂ ಆಗಲೇ.